ಬಿಟ್ಟುಹೋದ 'ತ್ತಿ'

ಹಸಿವನ್ನು ತಡೆದುಕೊಂಡವರುಂಟು, ನಿದ್ದೆಯನ್ನು ಗೆದ್ದವರುಂಟು. ಆದರೆ ಕಣ್ಣಿಗೆ ಬಿದ್ದ ಅಕ್ಷರದೋಷವನ್ನು ನೋಡಿಯೂ ನೋಡದ ಹಾಗೆ ಮುಂದೆ ಹೋಗುವುದು ಕರಡಪ್ಪನವರಿಂದ ಈ ಜನ್ಮದಲ್ಲಿ ಆಗದ ಮಾತಾಗಿತ್ತು. ಸರ್ಕಾರಿ ಮುದ್ರಣಾಲಯದಲ್ಲಿ ಮೂವತ್ತಾರು ವರ್ಷ ಕರಡು ತಿದ್ದಿ ನಿವೃತ್ತರಾದವರು ಅವರು. ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಅದು ನೆನಪಿದ್ದದ್ದು ಹೆಂಡತಿಗೆ ಮತ್ತು ಪಿಂಚಣಿ ಕಚೇರಿಗೆ ಮಾತ್ರ. ಬೀದಿಗೆಲ್ಲ ಅವರು ಕರಡಪ್ಪನವರು. ಕೆಲವು ತುಂಟರು 'ಕರಡಿಯಪ್ಪ' ಎನ್ನುವುದೂ ಇತ್ತು. ಅಂಥವರನ್ನು ಅವರು ಬೈಯುತ್ತಿರಲಿಲ್ಲ. ನಿಲ್ಲಿಸಿ, ಹೆಚ್ಚಾಗಿರುವ ಗುಡಿಸನ್ನೂ ಯಕಾರವನ್ನೂ ತೆಗೆಸಿ, ಮೂರು ಸಲ ಸರಿಯಾಗಿ ಹೇಳಿಸಿ ಕಳಿಸುತ್ತಿದ್ದರು.

ಅವರ ಜೇಬಿನಲ್ಲಿ ಸದಾ ಎರಡು ಪೆನ್ನು, ಒಂದು ಅರ್ಧ ಬ್ಲೇಡು. ಕಪ್ಪು ಪೆನ್ನು ಬರೆಯುವುದಕ್ಕೆ, ಕೆಂಪು ಪೆನ್ನು ಲೋಕಕಲ್ಯಾಣಕ್ಕೆ. ತರಕಾರಿ ಅಂಗಡಿಯ ದರದ ಹಲಗೆ, ವೈದ್ಯರು ಕೊಟ್ಟ ಔಷಧಿ ಚೀಟಿ, ಗೋಡೆಯ ಮೇಲಿನ ಚುನಾವಣಾ ಪ್ರಚಾರ ಎಲ್ಲವೂ ಆ ಕೆಂಪಿನ ರುಚಿ ಕಂಡಿದ್ದವು. ಒಮ್ಮೆ ದೂರದ ನೆಂಟರ ಮದುವೆ ಕರೆಯೋಲೆಯಲ್ಲಿ 'ಆಶೀರ್ವದಿಸಿ' ಎಂಬಲ್ಲಿ ದೀರ್ಘ ಬಿಟ್ಟುಹೋಗಿತ್ತು. ಕರಡಪ್ಪನವರು ಅದನ್ನು ತಿದ್ದಿ, ಅಂಚಿನಲ್ಲಿ 'ಎರಡನೆಯ ಕರಡು ತೋರಿಸಿ' ಎಂದು ಬರೆದು, ಉಡುಗೊರೆಯ ಜೊತೆಗೆ ಹುಡುಗಿಯ ತಂದೆಯ ಕೈಯಲ್ಲಿಟ್ಟು ಬಂದರು. ಆ ನೆಂಟರು ಆಮೇಲೆ ಎರಡನೆಯ ಕರಡನ್ನೂ ತೋರಿಸಲಿಲ್ಲ, ಮುಖವನ್ನೂ ತೋರಿಸಲಿಲ್ಲ.

ಅವರ ಜೀವನದ ನಿರ್ದುಷ್ಟ ಕೃತಿ ಎಂದರೆ ಮನೆಯ ಗೇಟಿಗೆ ತೂಗುಹಾಕಿದ ಹೆಸರಿನ ಹಲಗೆ. ಅದರಲ್ಲಿ ಎರಡು ಹೆಸರು: ಮೇಲೆ ಅವರದು, ಕೆಳಗೆ ಮಗನದು. ಒಂದು ಸೊನ್ನೆ ಎಡಕ್ಕೆ ವಾಲಿತು ಎಂದು ಬಣ್ಣದವನಿಂದ ಮೂರು ಸಲ ಬರೆಸಿದ್ದರು. ಬಂದವರಿಗೆ ಅದನ್ನು ತೋರಿಸಿ, ಇದರಲ್ಲಿ ಒಂದು ತಪ್ಪು ಹುಡುಕಿ ನೋಡೋಣ ಎಂದು ಸವಾಲು ಹಾಕುತ್ತಿದ್ದರು. ಯಾರೂ ಹುಡುಕಿರಲಿಲ್ಲ.

ಮಗ ವಿದ್ಯುತ್ ಇಲಾಖೆಯ ಲೈನ್‌ಮನ್. ಬೆಳಗ್ಗೆ ಕಂಬ ಹತ್ತಿದರೆ ಸಂಜೆ ಇಳಿಯುವವನು. ಸಂಸಾರದ ಅರ್ಧ ಮಾತನ್ನು ಕಂಬದ ಮೇಲಿನಿಂದಲೇ ಫೋನಿನಲ್ಲಿ ಮುಗಿಸುವವನು. ಸೊಸೆ ಮಾತ್ರ ವಿಜ್ಞಾನಿ. ಧಾನ್ಯದ ಉಗ್ರಾಣಗಳಿಗೆ ಸೇರಿದ ಸಣ್ಣ ಪ್ರಯೋಗಾಲಯದಲ್ಲಿ ಬೂಷ್ಟಿನ ಮೇಲೆ ಕೆಲಸ ಮಾಡುತ್ತಿದ್ದಳು. ಮೂಟೆಯೊಳಗೆ ಕಣ್ಣಿಗೆ ಕಾಣದಂತೆ ಹುಟ್ಟಿ, ಕಾಳಿಗೆ ವಿಷ ಬಿಡುವ ಒಂದು ಜಾತಿಯ ಬೂಷ್ಟನ್ನು ಮೊದಲೇ ಪತ್ತೆಹಚ್ಚುವ ದಾರಿ ಹುಡುಕುತ್ತಿದ್ದಳು. ಪ್ರಯೋಗಾಲಯದಲ್ಲಿ ಜಾಗ ಸಾಲದೆ ಕೆಲವು ಡಬ್ಬಿಗಳು ಅಡುಗೆಮನೆಯ ಮೇಲಿನ ಅಟ್ಟಕ್ಕೂ ಬಂದಿದ್ದವು. ಅವಕ್ಕೆಲ್ಲ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದವರು ಮಾವನವರೇ: 'ಮುಟ್ಟಬೇಡಿ. ಬೂಷ್ಟು ಕೆಲಸದಲ್ಲಿದೆ.' ಅವರ ಹೆಂಡತಿ ಬೇಳೆಯ ಡಬ್ಬಿಯನ್ನು ತೆಗೆಯುವಾಗಲೂ ಎರಡು ಸಲ ಓದಿಕೊಳ್ಳುತ್ತಿದ್ದರು.

ಹೀಗಿರುವಾಗ ಸೊಸೆಯ ಪಾಲಿಗೆ ಒಂದು ಬಾಗಿಲು ತೆರೆಯಿತು. ಸಮುದ್ರದಾಚೆಯ ಒಂದು ವಿಶ್ವವಿದ್ಯಾಲಯದವರು ಅಭಿವೃದ್ಧಿ ಹೊಂದುತ್ತಿರುವ ದೇಶಗಳ ಮಹಿಳಾ ವಿಜ್ಞಾನಿಗಳನ್ನು ಕರೆಸಿಕೊಂಡು, ಎರಡು ವರ್ಷ ತಮ್ಮ ಪ್ರಯೋಗಾಲಯದಲ್ಲಿ ಓದಲು ಫೆಲೋಶಿಪ್ ಕೊಡುತ್ತಿದ್ದರು. ಇವಳು ಆರು ವರ್ಷ ಬರಿಗಣ್ಣಿಗೂ ಹಳೆಯ ಸೂಕ್ಷ್ಮದರ್ಶಕಕ್ಕೂ ಕೆಲಸ ಕೊಟ್ಟು ಕಂಡದ್ದನ್ನು ಅಲ್ಲಿಯ ಯಂತ್ರ ಒಂದು ವಾರದಲ್ಲಿ ಕಾಣುತ್ತಿತ್ತು. ಸಾವಿರ ಅರ್ಜಿಗಳಲ್ಲಿ ನಲವತ್ತು ಉಳಿದಿದ್ದವು. ಅದರಲ್ಲಿ ಇವಳದೂ ಒಂದು. ವಯಸ್ಸಿನ ಮಿತಿಯ ಲೆಕ್ಕದಲ್ಲಿ ಇದು ಇವಳ ಕೊನೆಯ ವರ್ಷ. ಇನ್ನು ಬೇಕಾಗಿದ್ದದ್ದು ಕಚೇರಿಯ ಒಂದು ಪತ್ರ: ಇವರು ನಮ್ಮಲ್ಲಿ ಕೆಲಸ ಮಾಡುವ, ಅಭಿವೃದ್ಧಿ ಹೊಂದುತ್ತಿರುವ ದೇಶದ ಮಹಿಳಾ ವಿಜ್ಞಾನಿ, ಇವರು ಹೋಗುವುದಕ್ಕೆ ನಮ್ಮ ಅಡ್ಡಿಯಿಲ್ಲ. ಅದನ್ನು ಸರ್ಕಾರದ ಮಾನ್ಯತೆಯಿರುವ ಅನುವಾದಕರು ಇಂಗ್ಲಿಷಿಗೆ ತಿರುಗಿಸಿ, ಮೊಹರು ಹಾಕಿ, ತಾವೇ ನೇರವಾಗಿ ಕಳಿಸಬೇಕು. ಅನುವಾದವನ್ನು ಅಭ್ಯರ್ಥಿ ಮುಟ್ಟುವಂತಿಲ್ಲ.

ಪತ್ರ ಸಿಕ್ಕ ದಿನವೇ ಸೊಸೆ ದೂರದ ಉಗ್ರಾಣಕ್ಕೆ ಮೂರು ದಿನದ ಕೆಲಸಕ್ಕೆ ಹೊರಡಬೇಕಿತ್ತು. ಹೊಸಿಲ ಮೇಲೆ ನಿಂತು ಲಕೋಟೆಯನ್ನು ಮಾವನವರ ಕೈಗಿತ್ತಳು.

"ಮಾವ, ಇದನ್ನ ಅನುವಾದಕರಿಗೆ ಕೊಟ್ಟುಬಿಡಿ. ಕೊಟ್ರೆ ಸಾಕು."

ಕೊಟ್ಟರೆ ಸಾಕು ಎಂಬ ಮಾತಿನಲ್ಲಿ ಒಂದು ಬೇಡಿಕೆ ಇತ್ತು. ಕರಡಪ್ಪನವರು ಅದನ್ನು ಸೊಸೆಯ ಸಂಕೋಚ ಎಂದುಕೊಂಡರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಪತ್ರವನ್ನು ತೆಗೆದು ಓದಿದರು. ಒಂದೂ ತಪ್ಪಿರಲಿಲ್ಲ. ಮತ್ತೆ ಓದಿದರು. ಆಗಲೂ ಇರಲಿಲ್ಲ. ಕಚೇರಿಯ ಟೈಪಿಸ್ಟ್ ಯಾರೋ ಎಚ್ಚರದ ಹೆಣ್ಣುಮಗಳು; ಅಲ್ಪವಿರಾಮ ಕೂಡ ತನ್ನ ಜಾಗದಲ್ಲಿ ಮರ್ಯಾದೆಯಿಂದ ಕುಳಿತಿತ್ತು. ಊಟಕ್ಕೆ ಕರೆದು ಎಲೆ ಹಾಕದೆ ಕಳಿಸಿದಂತಾಯಿತು ಕರಡಪ್ಪನವರಿಗೆ. ಮೂರನೆಯ ಸಲ ಓದುವಾಗ ಕಣ್ಣು ಒಂದು ಶಬ್ದದ ಮೇಲೆ ನಿಂತಿತು: 'ಹೊಂದುತ್ತಿರುವ'.

ಅವರು ಪಕ್ಕದಲ್ಲಿ ಕೂತಿದ್ದ ಅಪರಿಚಿತರ ಕಡೆ ತಿರುಗಿದರು. ಆ ಮಹಾನುಭಾವರು ಮೊಣಕಾಲ ಮೇಲೆ ಒಂದು ಒಡೆದ ಬಕೆಟ್ಟು ಇಟ್ಟುಕೊಂಡು ತೂಕಡಿಸುತ್ತಿದ್ದರು.

"ಅಲ್ಲ ಸ್ವಾಮಿ, ನಾನು ಮೂರನೇ ಕ್ಲಾಸಲ್ಲಿದ್ದಾಗ ಪಾಠದಲ್ಲಿ ಇದೇ ಇತ್ತು. ನಮ್ಮದು ಅಭಿವೃದ್ಧಿ ಹೊಂದುತ್ತಿರುವ ದೇಶ ಅಂತ. ಅರವತ್ತು ವರ್ಷ ಆಯ್ತು. ನೀರು ಕಾಯ್ತಾ ಇದೆ, ನೀರು ಕಾಯ್ತಾ ಇದೆ ಅಂತ ಅರವತ್ತು ವರ್ಷ ಹೇಳಿದ್ರೆ ಸ್ನಾನ ಯಾವಾಗ್ರೀ ಮಾಡೋದು?"

ಬಕೆಟ್ಟಿನವರು ಕಣ್ಣು ಬಿಡದೆಯೇ, ನಮ್ಮನೇಲೂ ಹಾಗೇನೇ ಎಂದರು.

ಕರಡಪ್ಪನವರಿಗೆ ಅಷ್ಟು ಬೆಂಬಲ ಸಾಕಾಯಿತು. ಇದು ಕಾಲದ ದೋಷ. ವರ್ತಮಾನ ಹಾಕಿದ ಕಡೆ ಭೂತ ಬರಬೇಕಾಗಿತ್ತು. ಮೇಲಾಗಿ, ಸೊಸೆ ನಾಳೆ ಪರದೇಶದವರ ಮುಂದೆ ಹೋಗಿ ನಿಲ್ಲುವವಳು. ಅರೆಬೆಂದ ದೇಶದಿಂದ ಬಂದವಳು ಎಂದು ಯಾರಾದರೂ ಮೂಗು ಮುರಿದರೆ? ಬಸ್ಸು ಸಿಗ್ನಲ್ಲಿನಲ್ಲಿ ನಿಂತ ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು. ಅರ್ಧ ಬ್ಲೇಡಿನಿಂದ 'ತ್ತಿ'ಯನ್ನು ಕೆರೆದು ತೆಗೆದರು. 'ದು'ವಿನ ಕೊಂಬು ಮುರಿದರು. ಕಪ್ಪು ಪೆನ್ನಿನಿಂದ ಗುಡಿಸು ಕಟ್ಟಿದರು. ಟೈಪು ಯಾವುದು, ಕೈಬರಹ ಯಾವುದು ಎಂದು ಬ್ರಹ್ಮನೂ ಹೇಳಲಾರ. ಹೀಗೆ ಅರವತ್ತು ವರ್ಷದಿಂದ ಎಷ್ಟೋ ಸರ್ಕಾರಗಳು ತಿಣುಕಿ ಮಾಡಲಾಗದ ಕೆಲಸವನ್ನು ಕರಡಪ್ಪನವರು ಒಂದು ಕೆಂಪು ದೀಪ ಹಸಿರಾಗುವುದರೊಳಗೆ ಮಾಡಿ ಮುಗಿಸಿದರು. ದೇಶ ಅಭಿವೃದ್ಧಿ ಹೊಂದಿತು.

ಅನುವಾದಕರು ದಪ್ಪ ಕನ್ನಡಕದ ಹಿರಿಯ ಹೆಂಗಸು. ಇದ್ದದ್ದನ್ನು ಇದ್ದ ಹಾಗೆ ತಿರುಗಿಸುವುದು ಅವರ ವ್ರತ. ಹಿಂದೊಮ್ಮೆ ಯಾರದೋ ಪ್ರಮಾಣಪತ್ರದಲ್ಲಿ 'ತಂದೆಯ ಹೆಸರು' ಎಂಬಲ್ಲಿ 'ತೊಂದರೆಯ ಹೆಸರು' ಎಂದಿದ್ದನ್ನು ಹಾಗೆಯೇ ಇಂಗ್ಲಿಷಿಗಿಳಿಸಿ ಮೊಹರು ಒತ್ತಿದವರು. ಅವರು ಪತ್ರ ಓದಿ ಒಂದು ಕ್ಷಣ ತಡೆದರು. 'ಹೊಂದಿರುವ' ಅಂತಿದೆಯಲ್ಲ, ಸರಿ ತಾನೇ ಎಂದು ಕೇಳಿದರು. ಅದು ಮೂವತ್ತಾರು ವರ್ಷ ಕರಡು ತಿದ್ದಿದ ಕಣ್ಣು ದಾಟಿ ಬಂದಿದೆ ತಾಯಿ ಎಂದರು ಕರಡಪ್ಪನವರು. ಮೊಹರು ಬಿತ್ತು. ಅನುವಾದ ಸಮುದ್ರ ದಾಟಿತು; ಮೂಲಪತ್ರ ಅನುವಾದಕರ ಬೀರುವಿನಲ್ಲಿ ಮುಚ್ಚಿದ ಲಕೋಟೆಯೊಳಗೆ ಕೂತಿತು.

ಮೂರು ವಾರದ ಮೇಲೆ ಸೊಸೆಯ ಫೋನಿಗೆ ಉತ್ತರ ಬಂತು. ಸಂಜೆ ಮನೆಯಲ್ಲಿದ್ದವರೆಲ್ಲ ಕೂತಿದ್ದಾಗ ಅವಳು ಅದನ್ನು ನಿಧಾನವಾಗಿ ಓದಿ ಹೇಳಿದಳು. ಬಹಳ ವಿನಯದ ಪತ್ರ. ತಮ್ಮ ಸಂಶೋಧನೆ ನಮಗೆ ತುಂಬ ಹಿಡಿಸಿದೆ. ಆದರೆ ತಮ್ಮ ಕಚೇರಿಯವರೇ ತಮ್ಮ ದೇಶ ಅಭಿವೃದ್ಧಿ ಹೊಂದಿದೆ ಎಂದು ದೃಢೀಕರಿಸಿದ್ದಾರೆ. ನಮಗೆ ಈ ವಿಷಯ ಇದುವರೆಗೆ ತಿಳಿದಿರಲಿಲ್ಲ, ಅಭಿನಂದನೆಗಳು. ಈ ಫೆಲೋಶಿಪ್ ಅಭಿವೃದ್ಧಿ ಹೊಂದುತ್ತಿರುವ ದೇಶದವರಿಗೆ ಮಾತ್ರವಾದ್ದರಿಂದ, ಹತ್ತು ದಿನದೊಳಗೆ ಕಚೇರಿಯಿಂದ ಸ್ಪಷ್ಟನೆ ಬಾರದಿದ್ದರೆ ತಮ್ಮ ಹೆಸರನ್ನು ವಿಷಾದದಿಂದ ಕೈಬಿಡಬೇಕಾಗುತ್ತದೆ. ಸ್ಪಷ್ಟನೆಯ ನಮೂನೆಯನ್ನು ಅಂಚೆಯಲ್ಲಿ ಕಳಿಸಿದ್ದೇವೆ.

ಅತ್ತೆ ಎಲ್ಲ ಪಾಪವನ್ನೂ ಅನುವಾದಕರ ತಲೆಗೆ ಕಟ್ಟಿದರು. ದಪ್ಪ ಕನ್ನಡಕ ಅಂದಾಗಲೇ ಅಂದ್ಕೊಂಡೆ ಎಂದರು. ಸುದ್ದಿ ತಿಳಿದ ಮಗ ಕಂಬದ ಮೇಲಿನಿಂದ ಫೋನು ಮಾಡಿ, ಯಾರು ಹಾಗೆ ಬರೆದರೋ ಅವರ ಮನೆಯ ಲೈನು ಕತ್ತರಿಸುತ್ತೇನೆ ಎಂದ. ಅದು ತನ್ನದೇ ಮನೆಯ ಲೈನು ಎಂದು ಅವನಿಗೆ ತಿಳಿಯದು. ಕರಡಪ್ಪನವರು ಲೋಟದ ತಳದಲ್ಲಿ ಏನನ್ನೋ ಬಹಳ ಗಮನವಿಟ್ಟು ಓದುತ್ತಿದ್ದರು.

ಸೊಸೆ ಯಾರನ್ನೂ ಬೈಯಲಿಲ್ಲ. ಫೋನು ಕೆಳಗಿಟ್ಟು, ಅಟ್ಟದ ಮೇಲಿನ ಒಂದು ಡಬ್ಬಿ ಇಳಿಸಿ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ, ಚೀಟಿಯ ಎದ್ದ ಅಂಚನ್ನು ಬೆರಳಿನಿಂದ ಒತ್ತಿ ಅಂಟಿಸಿದಳು. ಮಾವ, ನಾಳೆ ನಿಮ್ಮ ಕನ್ನಡಕದ ಕಾಲು ಬಿಗಿ ಮಾಡಿಸಿ ತರ್ತೀನಿ, ಸಡಿಲ ಆಗಿದೆ ಎಂದಳು. ಅಷ್ಟೇ.

ಮರುದಿನ ಕರಡಪ್ಪನವರು ಯಾರಿಗೂ ಹೇಳದೆ ಸೊಸೆಯ ಕಚೇರಿಯ ನಿರ್ದೇಶಕರ ಮುಂದೆ ಹೋಗಿ ನಿಂತರು. ಅವಳು ಪ್ರಯೋಗಾಲಯದ ಹಿಂಬದಿಯ ಕೋಣೆಯಲ್ಲಿದ್ದ ಹೊತ್ತು ನೋಡಿಕೊಂಡೇ ಹೋಗಿದ್ದರು. ನಿರ್ದೇಶಕರ ಕೋಣೆಯ ಹೊರಗೆ ಕೂತಿದ್ದ ಟೈಪಿಸ್ಟ್ ಹೆಣ್ಣುಮಗಳು, ಕಾಯಬೇಕಾಗ್ಬಹುದು ಸಾರ್, ಆ ಕುರ್ಚಿ ಚುಚ್ಚುತ್ತೆ ಎಂದು ತನ್ನ ಕುರ್ಚಿಯ ಮೇಲಿನ ದಿಂಬನ್ನು ತೆಗೆದು ಅವರಿಗೆ ಹಾಕಿಕೊಟ್ಟಳು.

ನಿರ್ದೇಶಕರು ಸಹಿ ಹಾಕುವ ಮೊದಲು ಪೆನ್ನಿನ ಕ್ಯಾಪನ್ನು ಮೂರು ಸಲ ಮುಚ್ಚಿ ತೆಗೆಯುವ ಸ್ವಭಾವದವರು. ಕರಡಪ್ಪನವರು ತಾವು ಕೆರೆದದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿ, ಸ್ಪಷ್ಟನೆಯ ಪತ್ರ ಬೇಕೆಂದು ಕೇಳಿದಾಗ ಅವರ ಕೈಯ ಕ್ಯಾಪು ನಾಲ್ಕನೆಯ ಸಲ ಮುಚ್ಚಿತು.

"ಯಜಮಾನ್ರೇ, ಹೋದ ತಿಂಗಳು ನನ್ನ ಸಹಿ ಕೆಳಗೆ ಈ ದೇಶ ಅಭಿವೃದ್ಧಿ ಹೊಂದಿತ್ತು. ಈ ತಿಂಗಳು ಅದೇ ಸಹಿ ಕೆಳಗೆ ಇನ್ನೂ ಹೊಂದ್ತಾ ಇದೆ ಅಂದ್ರೆ, ನಡುವೆ ಮೂವತ್ತು ದಿನ ನೀವೇನು ಮಾಡಿದ್ರಿ ಅಂತ ಮೇಲಿನವರು ನನ್ನನ್ನ ಕೇಳೋದಿಲ್ವಾ?"

ಒಂದು ದೇಶವನ್ನು ಹಿಂದಕ್ಕೆ ತಳ್ಳುವ ಅಧಿಕಾರ ತಮ್ಮ ದರ್ಜೆಗೆ ಇಲ್ಲ ಎಂದು ವಿವರಿಸಿದರು. ಮುಂದಕ್ಕೆ ತಳ್ಳುವುದಕ್ಕೂ ಇರಲಿಲ್ಲ; ಅದೇ ಅವರ ಭಯ. ಕಡತದ ಪ್ರತಿ ತರಿಸಿ ನೋಡಿದರು. ಅದರಲ್ಲಿ 'ಹೊಂದುತ್ತಿರುವ' ಎಂದೇ ಇತ್ತು. ನಿರ್ದೇಶಕರ ಮುಖ ಬೆಳಗಿತು. ಹಾಗಾದರೆ ಟೈಪಿಸ್ಟ್ ಒಂದನ್ನು ಹೀಗೆ, ಒಂದನ್ನು ಹಾಗೆ ಹೊಡೆದಿದ್ದಾಳೆ. ಮೂರು ದಿನದಲ್ಲಿ ಅವಳು ವಿವರಣೆ ಕೊಡಲಿ, ಮೂಲಪತ್ರ ಬರಲಿ, ವಿಚಾರಣೆ ಆಗಲಿ. ಆಮೇಲೆ ಸ್ಪಷ್ಟನೆಯ ಮಾತು.

ಕರಡಪ್ಪನವರು ಬಾಯಿ ತೆರೆದರು. ಮಾತಿನ ಬದಲು ಕೆಮ್ಮು ಬಂತು. ಕೆಮ್ಮು ಕೇಳಿ ಬಾಗಿಲು ತೆರೆದು ನೀರಿನ ಲೋಟ ಹಿಡಿದು ಬಂದವಳು ಅದೇ ಟೈಪಿಸ್ಟ್. ಆ ನೀರು ಕುಡಿದ ಮೇಲೆ ಅವರಿಗೆ ಕೆಮ್ಮೂ ನಿಂತಿತು, ಮಾತೂ ನಿಂತಿತು.

ಅವರು ಮನೆಗೆ ಬರುವುದರೊಳಗೆ ಸುದ್ದಿ ಬೀದಿಗೆ ಬಂದಿತ್ತು. ಅತ್ತೆ ಎದುರುಮನೆಯ ಹೊಲಿಗೆಯಮ್ಮನಿಗೆ ಹೇಳಿದ್ದರು. ಹೊಲಿಗೆಯಮ್ಮನಿಗೆ ಹೇಳುವುದೂ ಧ್ವನಿವರ್ಧಕಕ್ಕೆ ಹೇಳುವುದೂ ಒಂದೇ. ಹೊತ್ತು ಮುಳುಗುವುದರೊಳಗೆ ಬೀದಿಯಲ್ಲಿ ಎರಡು ಪಕ್ಷಗಳಾದವು. 'ಹೊಂದಿರುವ' ಪಕ್ಷದ ಮುಖಂಡರು ಮೂಲೆಮನೆಯ ನಿವೃತ್ತ ಮೇಷ್ಟ್ರು. 'ಹೊಂದುತ್ತಿರುವ' ಪಕ್ಷಕ್ಕೆ ಹೊಲಿಗೆಯಮ್ಮ. ಸಭೆ ಕರಡಪ್ಪನವರ ಮುಂಬಾಗಿಲಲ್ಲೇ ನಡೆಯಿತು.

ಕಚೇರಿಯವರು ಒಮ್ಮೆ ಹೊಂದಿದೆ ಎಂದ ಮೇಲೆ ಹಿಂದೆ ತೆಗೆದುಕೊಳ್ಳುವುದು ದೇಶಕ್ಕೆ ಅವಮಾನ ಎಂದರು ಮೇಷ್ಟ್ರು. ಹೊಲಿಗೆಯಮ್ಮ ಹೆಗಲ ಮೇಲಿನ ಅಳತೆಯ ಟೇಪನ್ನು ಎಳೆದು ಬೀದಿಯ ಗುಂಡಿಯ ಆಳ ಅಳೆದು ಹೇಳಿದಳು. ಯಾರೋ ಅರ್ಧಕ್ಕೆ ನಿಂತ ಸೇತುವೆಯ ಮಾತು ತೆಗೆದರು. ಈ ಕಡೆಯಿಂದ ಹತ್ತಬಹುದು, ಆ ಕಡೆ ಇಳಿಯಬೇಕಾದರೆ ವಾಪಸು ಬಂದೇ ಇಳಿಯಬೇಕು. ಅದು ಹೊಂದಿದ್ದೋ ಹೊಂದುತ್ತಿರುವುದೋ ಎಂಬ ಬಗ್ಗೆ ಕಾಲು ಗಂಟೆ ಚರ್ಚೆಯಾಯಿತು. ಕೊನೆಗೆ ಮೇಷ್ಟ್ರು ಎದ್ದು ನಿಂತು ಬೀದಿದೀಪದ ಕಡೆ ಕೈ ಎತ್ತಿದರು.

"ನಾನು ಚಿಕ್ಕವನಿದ್ದಾಗ ಇಲ್ಲಿ ಕಗ್ಗತ್ತಲು. ಈಗ ನೋಡಿ, ಈ ಬೆಳಕು ನೋಡಿ, ಇದಕ್ಕಿಂತ ಇನ್ನೇನು ಬೇಕು?"

ಕರೆಂಟು ಹೋಯಿತು.

ಕತ್ತಲಲ್ಲಿ ದೂರದ ಕಂಬದ ಮೇಲಿನಿಂದ ಕರಡಪ್ಪನವರ ಮಗನ ಧ್ವನಿ ಕೇಳಿಸಿತು: "ಐದು ನಿಮಿಷ, ಬರ್ತಾ ಇದೆ."

"ಕೇಳಿಸ್ತಾ ಮೇಷ್ಟ್ರೇ," ಎಂದಳು ಹೊಲಿಗೆಯಮ್ಮ, "ಬರ್ತಾ ಇದೆ. ಬಂದಿದೆ ಅಲ್ಲ."

ಮೇಷ್ಟ್ರು ಸೋಲೊಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಬೆಳಕು ಬಂದ ಮೇಲೆ ತಮ್ಮ ಮನೆಗೆ ಹೋಗಿ, ಆ ಹುಡುಗಿ ಅಲ್ಲಿ ಚಳಿಯಲ್ಲಿ ಹಾಕಿಕೊಳ್ಳಲಿ ಎಂದು, ಹಳೆಯ ಉಣ್ಣೆಯ ಕೋಟೊಂದನ್ನು ತಂದು ಹೊಲಿಗೆಯಮ್ಮನ ಕೈಗೆ ಕೊಟ್ಟರು. ಸ್ವಲ್ಪ ಸಣ್ಣ ಮಾಡಿ, ಅವಳ ಅಳತೆಗೆ ಎಂದರು. ಹೊಲಿಗೆಯಮ್ಮ ಹೂಂ ಎಂದು ಅಲ್ಲೇ ಸೊಸೆಯ ಭುಜದ ಅಳತೆ ತೆಗೆದಳು. ಬೀದಿಗೆ ಬೀದಿಯೇ ಅವಳನ್ನು ಕಳಿಸಲು ಸಜ್ಜಾಗಿತ್ತು. ಅಡ್ಡ ನಿಂತಿದ್ದದ್ದು ಒಂದು 'ತ್ತಿ' ಮಾತ್ರ. ಕರಡಪ್ಪನವರು ಆ ಕೋಟನ್ನು ನೋಡಿ ಒಳಗೆ ಹೋಗಿ ಮಲಗಿಬಿಟ್ಟರು.

ಮೂರನೆಯ ದಿನ ಬೆಳಗ್ಗೆ ಅವರು ಅಂಗಳದ ಗಿಡಕ್ಕೆ ನೀರು ಹಾಕುತ್ತಿದ್ದಾಗ, ಬೀದಿಗೆ ಹೊಸದಾಗಿ ಬಂದ ಅಂಚೆಯಾಕೆ ಗೇಟಿನ ಮುಂದೆ ಸೈಕಲ್ಲು ನಿಲ್ಲಿಸಿದಳು. ಹಲಗೆಯನ್ನು ಓದಿದಳು, ಕೈಯಲ್ಲಿದ್ದ ದಪ್ಪ ಲಕೋಟೆಯನ್ನು ಓದಿದಳು, ಮತ್ತೆ ಸೈಕಲ್ಲು ಹತ್ತಿ ಹೊರಟುಬಿಟ್ಟಳು. ಎದುರುಮನೆಯ ಕಿಟಕಿಯಿಂದ ಇದನ್ನು ಕಂಡ ಹೊಲಿಗೆಯಮ್ಮ ಕತ್ತರಿ ಹಿಡಿದುಕೊಂಡೇ ಅಟ್ಟಿಸಿಕೊಂಡು ಹೋಗಿ ತಡೆದಳು. ಕತ್ತರಿ ನೋಡಿ ಅಂಚೆಯಾಕೆ ಮರುಮಾತಿಲ್ಲದೆ ವಾಪಸು ಬಂದಳು. ಲಕೋಟೆ ಸೊಸೆಯ ಹೆಸರಿಗೆ, ಸಮುದ್ರದಾಚೆಯಿಂದ ಬಂದದ್ದು; ಸ್ಪಷ್ಟನೆಯ ನಮೂನೆ. ಇನ್ನೊಂದು ಗಳಿಗೆಯಾಗಿದ್ದರೆ 'ಈ ವಿಳಾಸದಲ್ಲಿ ಇಲ್ಲ' ಎಂಬ ಷರಾ ಬಿದ್ದು ಬಂದ ದಾರಿ ಹಿಡಿಯುತ್ತಿತ್ತು.

ಹೀಗೆ ಮನೆಯ ಮುಂದೆ ಬಂದು ಕೂಗದೆ ಹೋಗಬಹುದೇ ಎಂದು ಕರಡಪ್ಪನವರು ಆಕೆಯನ್ನು ಗದರಿಸಿದರು.

"ಕೋಪ ಮಾಡ್ಕೋಬೇಡಿ ಸಾರ್," ಎಂದಳು ಅಂಚೆಯಾಕೆ. "ನಾನು ಹೊಸಬಳು. ಹಲಗೆ ನೋಡ್ದೆ. ಈ ಹೆಸರು ಅದರಲ್ಲಿಲ್ಲ."

ಕರಡಪ್ಪನವರು ಹಲಗೆ ನೋಡಿದರು. ಎಲ್ಲ ಸೊನ್ನೆಗಳೂ ನೆಟ್ಟಗಿದ್ದವು. ಅವರ ಕೈಯಲ್ಲಿದ್ದ ಕೊಳವೆಯ ನೀರು ಬಹಳ ಹೊತ್ತು ಅಂಚೆಯಾಕೆಯ ಸೈಕಲ್ಲಿನ ಮೇಲೆ ಬೀಳುತ್ತಲೇ ಇತ್ತು. ಆಕೆ ಏನೂ ಹೇಳದೆ ಚೀಲವನ್ನು ಮಾತ್ರ ಇನ್ನೊಂದು ಪಕ್ಕಕ್ಕೆ ಸರಿಸಿಕೊಂಡಳು.

ಅದೇ ದಿನ ವಿಚಾರಣೆ. ಸೊಸೆ ಅನುವಾದಕರಿಂದ ಮುಚ್ಚಿದ ಲಕೋಟೆಯನ್ನು ತಂದಿದ್ದಳು. ಚೀಲ ಹಿಡಿಯುವುದಕ್ಕೆ ಎಂದು ನೆಪ ಹೇಳಿ ಮಾವನವರೂ ಹಿಂದೆ ಬಂದಿದ್ದರು. ಹಿಡಿಯುವುದಕ್ಕೆ ಚೀಲವೇ ಇರಲಿಲ್ಲ. ಟೈಪಿಸ್ಟ್ ಒಂದು ಮೂಲೆಯಲ್ಲಿ ನಿಂತಿದ್ದಳು. ಹನ್ನೊಂದು ವರ್ಷದ ನೌಕರಿಯಲ್ಲಿ ಒಂದು ಅಕ್ಷರ ತಪ್ಪದವಳು, ತನ್ನ ವಿವರಣೆಯ ಕಾಗದದಲ್ಲಿ ಮೊದಲ ಸಾಲಿನಲ್ಲೇ ಎರಡು ತಪ್ಪು ಹೊಡೆದಿದ್ದಳು. ಕರಡಪ್ಪನವರಿಗೆ ಅದು ದೂರದಿಂದಲೇ ಕಂಡಿತು. ಜೇಬಿಗೆ ಕೈ ಹೋಗಲಿಲ್ಲ.

ನಿರ್ದೇಶಕರು ಲಕೋಟೆ ಒಡೆದು ಪತ್ರವನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಎಲ್ಲರೂ ಬಗ್ಗಿ ನೋಡಿದರು. ಸೊಸೆಯೂ ನೋಡಿದಳು. ಅವಳ ಹುಬ್ಬು ಸ್ವಲ್ಪ ಮೇಲೇರಿತು. ತಲೆಯೆತ್ತಿ, ಸಾರ್, ಇದು ಎಂದು ಅವಳು ಶುರುಮಾಡುವಷ್ಟರಲ್ಲಿ ಕರಡಪ್ಪನವರು ಮುಂದೆ ಬಂದು ನಿಂತರು.

"ಸಾರ್, ಈ ಹುಡುಗಿ ಹೊಡೆದದ್ದು ಸರಿಯಾಗೇ ಇತ್ತು. ಅನುವಾದದ ತಾಯಿ ಮಾಡಿದ್ದೂ ಸರಿ. ಕೆಡಿಸಿದವನು ನಾನು. ಬಸ್ಸಲ್ಲಿ ಕೂತು ಬ್ಲೇಡಲ್ಲಿ ಕೆರೆದೆ."

ನಿರ್ದೇಶಕರ ಪೆನ್ನಿನ ಕ್ಯಾಪು ಕೆಳಗೆ ಬಿದ್ದು ಉರುಳಿತು. ಯಾಕೆ ಎಂದು ಅವರು ಕೇಳಿದರು. ಕರಡಪ್ಪನವರು ಸ್ವಲ್ಪ ಯೋಚಿಸಿ, ತಪ್ಪು ಸಿಗಲಿಲ್ಲ ಸಾರ್, ಅದಕ್ಕೆ ಎಂದರು. ಇಷ್ಟು ಪ್ರಾಮಾಣಿಕವಾದ ವಿವರಣೆಯನ್ನು ಆ ಕಚೇರಿಯ ಗೋಡೆಗಳು ಕೇಳಿದ್ದು ಅದೇ ಮೊದಲು.

ನಿರ್ದೇಶಕರಿಗೆ ಸಿಟ್ಟು ಬಂದಿತ್ತು, ನಿಜ. ಆದರೆ ಸಿಟ್ಟಿಗಿಂತ ಹಳೆಯದಾದ ಭಯ ಇನ್ನೂ ಹೋಗಿರಲಿಲ್ಲ. ಯಾರು ಕೆರೆದರೇನು, ಈಗ ತಾವು ಬೇರೆ ಪತ್ರ ಕೊಟ್ಟರೆ ದೇಶವನ್ನು ಹಿಂದೆ ತಂದಂತೆಯೇ ಆಯಿತಲ್ಲ ಎಂದರು. ಆಗ ಕರಡಪ್ಪನವರು ಮೂವತ್ತಾರು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ ನೆಟ್ಟಗೆ ನಿಂತರು. ಬೇರೆ ಪತ್ರವೇ ಬೇಡ ಸಾರ್, ಇದಕ್ಕೆ ತಿದ್ದೋಲೆ ಅಂತಾರೆ ಎಂದರು. ಪುಸ್ತಕ ಅಚ್ಚಾದ ಮೇಲೆ ತಪ್ಪು ಕಂಡರೆ ಇಡೀ ಪುಸ್ತಕವನ್ನು ಯಾರೂ ಮತ್ತೆ ಬರೆಯುವುದಿಲ್ಲ. ಇಂಥ ಪುಟ, ಇಂಥ ಸಾಲು, ಹೀಗಿರುವುದನ್ನು ಹೀಗೆ ಓದಿಕೊಳ್ಳಿ ಎಂದು ಒಂದು ಚೀಟಿ ಅಂಟಿಸುತ್ತಾರೆ.

"ದೇಶ ಹಿಂದೆ ಹೋಗೋದಿಲ್ಲ ಸಾರ್. ಬಿಟ್ಟುಹೋದ ಅಕ್ಷರ ವಾಪಸು ಬರುತ್ತೆ, ಅಷ್ಟೇ."

ನಿರ್ದೇಶಕರು ಈ ವಾಕ್ಯವನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡರು. ಅವರ ಮುಖದ ಗಂಟು ಒಂದೊಂದಾಗಿ ಬಿಚ್ಚಿಕೊಂಡಿತು. ಟೈಪಿಸ್ಟ್ ಕೆಳಗೆ ಬಿದ್ದ ಕ್ಯಾಪನ್ನು ಹುಡುಕಿ ಅವರ ಕೈಗಿಟ್ಟಳು. ಕರಡಪ್ಪನವರು ಕೆಂಪು ಪೆನ್ನು ತೆಗೆದು, ಪತ್ರದ ಆ ಸಾಲಿನ ಕೆಳಗೆ, ಅಕ್ಷರ ಬಿಟ್ಟುಹೋದ ಕಡೆ ಹಾಕುವ ಹಂಸಪಾದದ ಗುರುತು ಹಾಕಿದರು. ಹಕ್ಕಿಯೊಂದು ಕಾಗದದ ಮೇಲೆ ಒಂದೇ ಹೆಜ್ಜೆಯಿಟ್ಟು ಹಾರಿಹೋದ ಹಾಗೆ ಕಾಣುವ ಗುರುತು ಅದು. ಅದರ ನೆತ್ತಿಯ ಮೇಲೆ 'ತ್ತಿ' ಬರೆದರು, ಗುಡಿಸು ಹೊಡೆದುಹಾಕಿ 'ದಿ'ಯನ್ನು ಮತ್ತೆ 'ದು' ಮಾಡಿದರು, ಪಕ್ಕದಲ್ಲಿ ಸಹಿ ಮಾಡಿದರು. ಆಮೇಲೆ ತಿದ್ದೋಲೆ ಬರೆದುಕೊಟ್ಟರು:

'ಅಭಿವೃದ್ಧಿ ಹೊಂದಿರುವ ಎಂಬುದನ್ನು ಅಭಿವೃದ್ಧಿ ಹೊಂದುತ್ತಿರುವ ಎಂದು ಓದಿಕೊಳ್ಳಬೇಕಾಗಿ ವಿನಂತಿ. ತಪ್ಪು ಕಚೇರಿಯದಲ್ಲ, ಟೈಪಿಸ್ಟರದಲ್ಲ, ಅನುವಾದಕರದಲ್ಲ, ನನ್ನ ಸೊಸೆಯದಂತೂ ಅಲ್ಲ. ಅವಳು ಕೊಟ್ಟರೆ ಸಾಕು ಎಂದಿದ್ದಳು. ನಾನು ಕೊಡುವುದಕ್ಕಿಂತ ಹೆಚ್ಚು ಮಾಡಿದೆ. ಅವಳ ಕೆಲಸ ನನಗೆ ಪೂರ್ತಿ ಅರ್ಥವಾಗುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ತಪ್ಪನ್ನು ತಪ್ಪಾಗುವ ಮೊದಲೇ ಹುಡುಕುವವಳು ಅವಳೊಬ್ಬಳೇ. ನಾನು ಆದ ಮೇಲೆ ಹುಡುಕುವವನು.'

ನಿರ್ದೇಶಕರು ಕ್ಯಾಪನ್ನು ಮೂರು ಸಲ ಮುಚ್ಚಿ ತೆಗೆದು, ಅದಕ್ಕೂ ನಮೂನೆಗೂ ಸಹಿ ಹಾಕಿದರು. ಅನುವಾದದ ಹಿರಿಯಾಕೆ ಅದನ್ನು ಇದ್ದದ್ದು ಇದ್ದ ಹಾಗೆ ಇಂಗ್ಲಿಷಿಗಿಳಿಸಿ, ಆ ದಿನವೇ ನಮೂನೆಯ ಜೊತೆ ಕಳಿಸಿದರು. ಕರಡಪ್ಪನವರು ಬಾಗಿಲಲ್ಲಿ ತಲೆತಗ್ಗಿಸಿ ನಿಂತಿದ್ದನ್ನು ಕಂಡು, ಕೇಳ್ದಾಗಲೇ ನಾನೂ ಇನ್ನೊಂದ್ಸಲ ಕೇಳ್ಬೇಕಿತ್ತು ಬಿಡಿ ಎಂದು ಅರ್ಧ ತಪ್ಪನ್ನು ತಮ್ಮ ಕಡೆ ಎಳೆದುಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗವನ್ನು ಕರಡಪ್ಪನವರು ಸೊಸೆಗೆ ಬಿಟ್ಟಿದ್ದರು.

"ಪತ್ರ ನೋಡಿದ ತಕ್ಷಣ ಗೊತ್ತಾಯ್ತು ಮಾವ," ಎಂದಳು ಅವಳು. "ಆ ಗುಡಿಸು ನನ್ನ ಡಬ್ಬಿಗಳ ಮೇಲೆಲ್ಲ ಇದೆಯಲ್ಲ. ನಾನೇ ತಿದ್ದಿದ್ದು ಅಂತ ಹೇಳೋಣ ಅಂದ್ಕೊಂಡೆ."

ಹಾಗೆ ಹೇಳಿದ್ದರೆ ಫೆಲೋಶಿಪ್ ಗತಿ ಏನಾಗುತ್ತಿತ್ತು ಎಂದು ಕರಡಪ್ಪನವರು ಗಾಬರಿಯಾಗಿ ಕೇಳಿದರು.

"ಹೋಗ್ತಿತ್ತು," ಎಂದಳು ಸೊಸೆ. ಸ್ವಲ್ಪ ಹೊತ್ತು ಹೊರಗೆ ನೋಡಿ, ತಾನಾಗಿ ನಗಲು ಶುರುಮಾಡಿದಳು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು, ಅದೇನು ಬರೀ ಒಂದು 'ತ್ತಿ' ಮೇಲೆ ನಿಮಗಷ್ಟು ಸಿಟ್ಟು ಎಂದು ಕೇಳಿದಳು. ಮಾವನವರು ಅರವತ್ತು ವರ್ಷದಿಂದ ಕಾಯುತ್ತಿರುವ ನೀರಿನ ಕಥೆ ಹೇಳಿದರು.

"ಅದು ಬೈಗುಳ ಅಲ್ಲ ಮಾವ," ಎಂದಳು ಅವಳು. "ನೀರು ಕಾಯ್ತಾ ಇದೆ ಅಂದ್ರೆ ಯಾರೋ ಒಲೆ ಮುಂದೆ ಕೂತು ಸೌದೆ ಹಾಕ್ತಾ ಇದ್ದಾರೆ ಅಂತ. ನೀವೇ ಬರೆದಿದ್ದೀರಲ್ಲ ಡಬ್ಬಿ ಮೇಲೆ, ಕೆಲಸದಲ್ಲಿದೆ ಅಂತ."

ಒಂದು ತಿಂಗಳು ಕಳೆಯಿತು. ಬೀದಿಯವರಿಗೆ ಕರಡಪ್ಪನವರ ಕೈವಾಡ ತಿಳಿದುಹೋಗಿತ್ತು. ಹೊಲಿಗೆಯಮ್ಮ ಅವರನ್ನು ಕಂಡಾಗಲೆಲ್ಲ ಬ್ಲೇಡು ಮನೇಲಿಟ್ಟು ಬಂದ್ರಾ ಯಜಮಾನ್ರೇ ಎಂದು ವಿಚಾರಿಸುತ್ತಿದ್ದಳು. ಮಗ ತನ್ನ ಮಾತಿಗೆ ತಪ್ಪಬಾರದೆಂದು ಮನೆಯ ಲೈನನ್ನು ಒಂದು ನಿಮಿಷ ಕತ್ತರಿಸಿ ಮತ್ತೆ ಜೋಡಿಸಿದ. ಕೋಟು ಹೊಲಿದು ಸಿದ್ಧವಾಗಿ ಗೂಟದ ಮೇಲೆ ತೂಗುತ್ತಿತ್ತು.

ಒಂದು ಬೆಳಗ್ಗೆ ಅಂಚೆಯಾಕೆಯ ಸೈಕಲ್ಲು ಮತ್ತೆ ಗೇಟಿನ ಮುಂದೆ ನಿಂತಿತು. ಆಕೆ ರೂಢಿಯಂತೆ ಹಲಗೆ ಓದಿದಳು. ಓದಿ ಹತ್ತಿರ ಬಂದಳು. ಮೂರು ಸಲ ಬರೆಸಿದ ಆ ನಿರ್ದುಷ್ಟ ಹಲಗೆಯ ಮೇಲೆ, ಎರಡು ಹೆಸರುಗಳ ನಡುವೆ, ಕೆಂಪು ಬಣ್ಣದಲ್ಲಿ ದೊಡ್ಡದೊಂದು ಹಂಸಪಾದ ಕಾಲೂರಿತ್ತು. ಅದರ ಮೇಲೆ ಸೊಸೆಯ ಹೆಸರು, ಪಕ್ಕದಲ್ಲಿ 'ವಿಜ್ಞಾನಿ'. ಆ ಕೆಂಪಿಗೆ ತಾಗಿಕೊಂಡೇ ಇನ್ನೊಂದು ಸಣ್ಣ ಹಂಸಪಾದ. ಅದರ ಮೇಲೆ ಅತ್ತೆಯ ಹೆಸರು. ಅದನ್ನು ಆ ಪುಣ್ಯಾತ್ಗಿತ್ತಿ ಮದುವೆಯಾದ ನಲವತ್ತೆರಡು ವರ್ಷದ ನಂತರ ಬೀದಿಗೆ ಮೊದಲ ಸಲ ತಿಳಿಸುತ್ತಿದ್ದರು. ಬಣ್ಣದವನು ಹೊಸ ಹಲಗೆಯನ್ನೇ ಬರೆದುಕೊಡುತ್ತೇನೆ, ಇದು ನೋಡಲು ಚೆನ್ನಾಗಿಲ್ಲ ಎಂದಿದ್ದ. ಬಿಟ್ಟವನು ನಾನು, ತಿದ್ದಿದ್ದು ಕಾಣಲಿ ಎಂದಿದ್ದರು ಕರಡಪ್ಪನವರು.

ಅಂಚೆಯಾಕೆ ಗಟ್ಟಿಯಾಗಿ ಸೊಸೆಯ ಹೆಸರು ಕೂಗಿದಳು. ಎದುರುಮನೆಯ ಹೊಲಿಗೆ ಯಂತ್ರ ನಿಂತಿತು. ಮೇಷ್ಟ್ರು ಚಪ್ಪಲಿ ಅದಲುಬದಲು ಹಾಕಿಕೊಂಡು ಬಂದರು. ಸೊಸೆ ಲಕೋಟೆ ಒಡೆದಳು. ಆಯ್ಕೆಯಾದ ಹನ್ನೆರಡು ಹೆಸರುಗಳ ಪಟ್ಟಿ, ಅವಳದು ಏಳನೆಯದು. ಅತ್ತೆ ಅವಳನ್ನು ಅಪ್ಪಿಕೊಂಡರು. ಹೊಲಿಗೆಯಮ್ಮ ಅಂಚೆಯಾಕೆಯನ್ನು ಅಪ್ಪಿಕೊಂಡಳು. ಈ ಸಲ ಕೈಯಲ್ಲಿ ಕತ್ತರಿ ಇರಲಿಲ್ಲ.

ಪತ್ರ ಕೈಯಿಂದ ಕೈಗೆ ದಾಟಿ ಕೊನೆಗೆ ಕರಡಪ್ಪನವರ ಹತ್ತಿರ ಬಂತು. ಅವರು ಬಿಗಿಮಾಡಿಸಿದ ಕನ್ನಡಕವನ್ನು ಏರಿಸಿ ಏಳನೆಯ ಸಾಲು ಓದಿದರು. ಓದುತ್ತಿದ್ದ ಹಾಗೆ ಅವರ ಬಲಗೈ ತನ್ನಷ್ಟಕ್ಕೆ ಜೇಬಿನ ಕಡೆ ಹೊರಟಿತು. ಸೊಸೆಯ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು.

ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿದು ಆ ಕೈಯನ್ನೇ ನೋಡಿತು. ಕೈ ಜೇಬಿನ ಬಾಯಿಯವರೆಗೆ ಹೋಯಿತು. ಅಲ್ಲಿ ಸ್ವಲ್ಪ ನಿಂತಿತು. ಬರಿದಾಗಿ ವಾಪಸು ಬಂತು.

"ಇರಲಿ ಬಿಡಮ್ಮ," ಎಂದರು ಕರಡಪ್ಪನವರು ಪತ್ರವನ್ನು ಮಡಚಿ ಸೊಸೆಗೆ ಕೊಡುತ್ತಾ. "ನೀನು ಹೋಗಿ ಹೇಳಿಕೊಡು. ಪಾಪ, ಅವರೂ ಹೊಂದುತ್ತಿರುವವರೇ."